ಎರಡನೆಯ ನೆರೆ

ವಿಪತ್ತಿನ ಬೆನ್ನಿಗೇ ಉಕ್ಕಿಬರುವ ನೆರವನ್ನು ಅಳತೆಗೆ ತಂದವರ ಕತೆ

2004ನೆಯ ಇಸವಿ ಡಿಸೆಂಬರ್ 26, ಭಾನುವಾರ. ಕ್ರಿಸ್‌ಮಸ್ ಹಬ್ಬದ ಮರುದಿನ. ಸುಮಾತ್ರಾ ದ್ವೀಪದ ಬಳಿ ಕಡಲ ತಳ ನಡುಗಿದ್ದರಿಂದ ಎದ್ದ ಸುನಾಮಿಯ ಅಲೆಗಳು ಅಂದು ಬೆಳಗ್ಗೆ ತಮಿಳುನಾಡಿನ ಕರಾವಳಿಯ ಮೇಲೆ ಬಂದೆರಗಿದವು. ನಾಗಪಟ್ಟಣಂ ಜಿಲ್ಲೆಯೊಂದರಲ್ಲಿಯೇ 6,000ಕ್ಕೂ ಮಿಕ್ಕ ಜನ ಪ್ರಾಣ ಕಳೆದುಕೊಂಡರು. ಮೀನುಗಾರರ ಕುಪ್ಪಗಳು ನೆಲಸಮವಾದವು. ದೋಣಿಗಳು ಚೂರುಚೂರಾಗಿ ಊರೊಳಗಿನ ಬೀದಿಗಳಲ್ಲಿ ಬಿದ್ದುವು.

ಸುದ್ದಿ ತಿಳಿದ ದೇಶದ ಮನಸ್ಸು ಕರಗಿತು. ಮೂರು ನಾಲ್ಕು ದಿನಗಳೊಳಗಾಗಿ ದೂರದೂರದ ಊರುಗಳಿಂದ ಲಾರಿಗಳು ಹೊರಟು ನಾಗಪಟ್ಟಣಂ ದಾರಿ ಹಿಡಿದುವು. ಅಕ್ಕಿ, ಬೇಳೆ, ಬ್ರೆಡ್ಡು, ನೀರಿನ ಬಾಟಲಿ, ಔಷಧ, ಪಾತ್ರೆ. ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆ. ಉಟ್ಟು ಬಿಟ್ಟ ಸೀರೆಗಳು, ತೊಟ್ಟು ಹಳತಾದ ಷರಟುಗಳು, ಬಣ್ಣಗೆಟ್ಟ ಲಂಗಗಳು. ಅವನ್ನೆಲ್ಲ ಇಳಿಸಿಕೊಳ್ಳುವವರು ಯಾರು? ಎಲ್ಲಿ ಇಳಿಸುವುದು? ಹೇಳುವವರಿರಲಿಲ್ಲ. ಹಿಂದಿರುಗುವ ಅವಸರದಲ್ಲಿದ್ದ ಲಾರಿಗಳು ರಸ್ತೆಯ ಬದಿಯಲ್ಲಿಯೇ ಗಂಟುಗಳನ್ನು ಉರುಳಿಸಿ ಹೋದುವು. ಹೊಸ ವರ್ಷ ಹುಟ್ಟುವ ಹೊತ್ತಿಗೆ ದಾರಿಯ ಇಕ್ಕೆಲಗಳಲ್ಲಿಯೂ ಬಟ್ಟೆಯ ರಾಶಿಗಳು ಬೆಳೆದು ನಿಂತಿದ್ದುವು.

ಮೊದಲನೆಯ ನೆರೆಯನ್ನು ಕಡಲು ತಂದಿತ್ತು. ಎರಡನೆಯದನ್ನು ತಂದದ್ದು ಮನುಷ್ಯರ ಒಳ್ಳೆಯತನ.

ಬಟ್ಟೆಯ ಬೆಟ್ಟ

ಆ ರಾಶಿಗಳನ್ನು ಜನ ಏಕೆ ಮುಟ್ಟಲಿಲ್ಲ? ದೂರದಲ್ಲಿದ್ದು ಕೊಟ್ಟವರಿಗೆ ಇದೊಂದು ಒಗಟು. ಎಲ್ಲವನ್ನೂ ಕಳೆದುಕೊಂಡವನಿಗೆ ಹಳೆಯ ಅಂಗಿಯಾದರೇನು, ಹೊಸದಾದರೇನು ಎಂದು ಅವರು ಎಣಿಸಿದ್ದರು. ಆದರೆ ಕಡಲ ಮೇಲೆ ದುಡಿದು ಉಣ್ಣುವ ಮೀನುಗಾರ ಹಿಂದಿನ ದಿನದವರೆಗೆ ಯಾರ ಮುಂದೆಯೂ ಕೈಚಾಚಿದವನಲ್ಲ. ಡಿಸೆಂಬರ್ 25ರಂದು ಅವನಿಗೊಂದು ಮನೆಯಿತ್ತು, ದೋಣಿಯಿತ್ತು, ಬಲೆಯಿತ್ತು. ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ಬೀದಿಯ ರಾಶಿಯಿಂದ ಹೆಕ್ಕಿಕೊಳ್ಳುವುದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಮನೆ ಹೋದರೂ ಮಾನ ಹೋಗಿರಲಿಲ್ಲ.

ಇನ್ನೊಂದು ಮಾತು. ಬಿಟ್ಟಿಯಾಗಿ ಬಂದ ವಸ್ತುವಿಗೆ ಖರ್ಚಿಲ್ಲವೆಂಬುದು ತಪ್ಪು ತಿಳಿವಳಿಕೆ. ಗಂಟು ಇಳಿಸಲು ಆಳು ಬೇಕು. ಬಿಚ್ಚಿ ಬೇರ್ಪಡಿಸಲು ಕೈ ಬೇಕು. ಇಡಲು ಮಳೆ ತಾಗದ ಸೂರು ಬೇಕು. ಎಣಿಸಿ ಬರೆಯಲು ಒಬ್ಬ ಗುಮಾಸ್ತ ಬೇಕು. ಸಾಗಿಸಲು ಗಾಡಿ ಬೇಕು. ಕೊನೆಗೆ ಯಾರಿಗೂ ಬೇಡವಾದುದನ್ನು ವಿಲೇವಾರಿ ಮಾಡಲು ಮತ್ತೆ ಆಳು, ಮತ್ತೆ ಗಾಡಿ. ಗಾಯಗೊಂಡವರನ್ನು ನೋಡಿಕೊಳ್ಳಬೇಕಾದ, ಕುಡಿಯುವ ನೀರನ್ನು ಒದಗಿಸಬೇಕಾದ ಕೈಗಳು ಬಟ್ಟೆಯ ಗಂಟು ಎತ್ತುತ್ತ ನಿಂತರೆ ನಷ್ಟ ಯಾರಿಗೆ?

ಹೀಗೆ ವ್ಯರ್ಥವಾಗುತ್ತಿದ್ದ ಬಟ್ಟೆಯ ಮೇಲೆ ದೆಹಲಿಯ ‘ಗೂಂಜ್’ ಸಂಸ್ಥೆಯ ಕಣ್ಣು ಬಿತ್ತು. ಅಂಶು ಗುಪ್ತ ಅವರು 1999ರಲ್ಲಿ ಹುಟ್ಟುಹಾಕಿದ ಈ ಸಂಸ್ಥೆ ಪಟ್ಟಣದ ಮನೆಗಳು ಬೇಡವೆಂದ ಬಟ್ಟೆಯನ್ನು ಹಳ್ಳಿಯ ಬಡವರಿಗೆ ಗೌರವದಿಂದ ಮುಟ್ಟಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿತ್ತು. ಸುನಾಮಿಯ ಊರುಗಳಲ್ಲಿ ಮಿಕ್ಕ ಬಟ್ಟೆಯನ್ನು ಸಂಸ್ಥೆ ಸಾಗಿಸಿಕೊಂಡು ಹೋಗಿ, ಬೇರ್ಪಡಿಸಿ, ಒಗೆದು, ಹೊಲಿದು ಬಳಕೆಗೆ ತಂದಿತು. ಉಡಲು ಬಾರದ ಹತ್ತಿಯ ಸೀರೆ ಹರಿದು ಹೆಂಗಸರ ತಿಂಗಳ ದಿನಗಳಿಗೆ ಬೇಕಾದ ಬಟ್ಟೆಯಾಯಿತು. ತುಂಡುಗಳು ಕೌದಿಯಾದುವು, ಮಕ್ಕಳ ಶಾಲೆಯ ಚೀಲವಾದುವು. 2015ರಲ್ಲಿ ಅಂಶು ಗುಪ್ತ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಬಟ್ಟೆ ಅದೇ, ನಡುವೆ ನಿಂತು ಆರಿಸುವ ಕೈ ಬಂದ ಮೇಲೆ ಅದರ ಬೆಲೆ ಬೇರೆಯಾಯಿತು.

ಮೂರು ಪ್ರವಾಹಗಳು

ಇದು ಭಾರತಕ್ಕೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಅಮೆರಿಕದ ಚಾರ್ಲ್ಸ್ ಫ್ರಿಟ್ಜ್ ಮತ್ತು ಜೆ. ಎಚ್. ಮ್ಯಾಥ್ಯೂಸನ್ ಎಂಬ ಇಬ್ಬರು ವಿದ್ವಾಂಸರು ವಿಪತ್ತಿನ ಸಮಯದಲ್ಲಿ ಜನ ನಡೆದುಕೊಳ್ಳುವ ರೀತಿಯನ್ನು ಅಭ್ಯಾಸ ಮಾಡಿ 1957ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಅನಾಹುತ ನಡೆದ ಸ್ಥಳದಿಂದ ಜನ ಹೊರಕ್ಕೆ ಓಡುತ್ತಾರೆಂಬುದು ಎಲ್ಲರ ನಂಬಿಕೆ. ಈ ವಿದ್ವಾಂಸರು ಕಂಡದ್ದು ಅದಕ್ಕೆ ವಿರುದ್ಧವಾದುದನ್ನು: ಹೊರಗಿನದೆಲ್ಲವೂ ಒಳಕ್ಕೆ ನುಗ್ಗುತ್ತದೆ. ಮೊದಲನೆಯದು ಜನರ ಪ್ರವಾಹ. ಬಂಧುಗಳನ್ನು ಹುಡುಕುವವರು, ನೆರವಾಗಲು ಬಂದವರು, ಬರಿಯ ಕುತೂಹಲದಿಂದ ಬಂದವರು, ಜೊತೆಗೆ ಸಮಯ ನೋಡಿ ಸುಲಿಯಲು ಬಂದವರು. ಎರಡನೆಯದು ಸುದ್ದಿಯ ಪ್ರವಾಹ. ಮೂರನೆಯದು ಸಾಮಾನಿನ ಪ್ರವಾಹ.

ಈ ಮೂರನ್ನೂ ತಡೆಯುವುದು ಸಾಧ್ಯವಿಲ್ಲ. ತಡೆಯುವುದು ಸಲ್ಲದು ಕೂಡ. ಹೊಳೆಗೆ ಅಣೆಕಟ್ಟು ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದ ಹಾಗೆ ಇವನ್ನು ಗದ್ದೆಗೆ ತಲುಪಿಸಬೇಕು. ಆ ಕಾಲುವೆಯನ್ನು ಯಾರು ತೋಡಬೇಕು? ಇದಕ್ಕೆ ಉತ್ತರವನ್ನು ಕಂಡುಕೊಂಡವರಲ್ಲಿ ಗುಜರಾತಿನ ಕಚ್ ಸೀಮೆಯವರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ.

ಕಚ್ಚಿನ ‘ಸೇತು’

1998ರ ಜೂನಿನಲ್ಲಿ ಕಚ್ ಕರಾವಳಿಗೆ ಭಾರಿ ಚಂಡಮಾರುತ ಅಪ್ಪಳಿಸಿತು. ಅಲ್ಲಿನ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆಗಳು ಆಗ ಬೇರೆಬೇರೆಯಾಗಿ ದುಡಿಯುವುದನ್ನು ಬಿಟ್ಟು ‘ಕಚ್ ನವನಿರ್ಮಾಣ ಅಭಿಯಾನ’ವೆಂಬ ಒಕ್ಕೂಟವನ್ನು ಕಟ್ಟಿಕೊಂಡುವು. ಎರಡೂವರೆ ವರ್ಷ ಕಳೆಯಿತು. 2001ರ ಜನವರಿ 26ರಂದು, ಗಣರಾಜ್ಯ ದಿನದ ಬೆಳಗ್ಗೆ ಮಕ್ಕಳು ಧ್ವಜವಂದನೆಗೆ ಸೇರಿದ್ದ ಹೊತ್ತಿನಲ್ಲಿ ಭೂಮಿ ನಡುಗಿತು. ಭುಜ್, ಭಚಾವು, ಅಂಜಾರ್ ಪಟ್ಟಣಗಳು ಉರುಳಿದುವು. ಸತ್ತವರ ಸಂಖ್ಯೆ 13,000ವನ್ನು ದಾಟಿತು.

ಅಲ್ಲಿಗೂ ಜಗತ್ತಿನ ನೆರವು ಹರಿದು ಬಂದಿತು. ಹೆದ್ದಾರಿಯ ಬದಿಯ ಊರುಗಳಿಗೆ ಹತ್ತು ಕಡೆಯಿಂದ ಸಾಮಾನು ಬಂದರೆ, ಹತ್ತು ಮೈಲಿ ಒಳಗಿನ ಹಳ್ಳಿಗೆ ಒಂದು ಕಂಬಳಿಯೂ ತಲುಪದೆ ಹೋಗುವ ಅಪಾಯವಿತ್ತು. ಲಾರಿ ನಿಲ್ಲುವುದು ರಸ್ತೆ ಇರುವಲ್ಲಿ. ಕಷ್ಟ ಇರುವುದು ರಸ್ತೆ ಇಲ್ಲದಲ್ಲಿ. ಅಭಿಯಾನದವರು ಕೆಲವು ಕೆಲವು ಹಳ್ಳಿಗಳನ್ನು ಗುಂಪು ಮಾಡಿ ಪ್ರತಿ ಗುಂಪಿಗೂ ಒಂದೊಂದು ಕೇಂದ್ರವನ್ನು ತೆರೆದರು. ಆ ಕೇಂದ್ರಕ್ಕೆ ಇಟ್ಟ ಹೆಸರು ‘ಸೇತು’.

ಸೇತುವಿನ ಕೆಲಸ ಮೇಲುನೋಟಕ್ಕೆ ಅಷ್ಟೇನೂ ದೊಡ್ಡದಲ್ಲ. ಯಾವ ಹಳ್ಳಿಯಲ್ಲಿ ಎಷ್ಟು ಮನೆ ಬಿದ್ದಿವೆ, ಎಷ್ಟು ಜನ ಗಾಯಗೊಂಡಿದ್ದಾರೆ, ಯಾರಿಗೆ ಏನು ಬಂದಿದೆ, ಏನು ಬಂದಿಲ್ಲ ಎಂಬುದನ್ನು ಕೇಳಿ ಬರೆದುಕೊಳ್ಳುವುದು. ಕೊಡಲು ಬಂದವರಿಗೆ ಆ ವಿವರ ತೋರಿಸಿ ಬರಿದಾಗಿರುವ ಕಡೆಗೆ ಕಳುಹಿಸುವುದು. ಸರ್ಕಾರದ ಆಜ್ಞೆಗಳನ್ನೂ ಪರಿಹಾರದ ನಿಯಮಗಳನ್ನೂ ಹಳ್ಳಿಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು. ಹಳ್ಳಿಯವರ ಅಹವಾಲನ್ನು ಸರ್ಕಾರಕ್ಕೆ ಮುಟ್ಟಿಸುವುದು. ಕೊಡುವವನ ದಂಡೆಗೂ ಪಡೆಯುವವನ ದಂಡೆಗೂ ನಡುವೆ ಒಂದು ಕಾಲುಸಂಕ. ಅದರ ಮೇಲೆ ಎರಡೂ ಕಡೆಯಿಂದ ನಡೆದಾಡಬಹುದಾಗಿತ್ತು ಎಂಬುದೇ ಅದರ ಹೆಚ್ಚುಗಾರಿಕೆ.

ಈ ಅನುಭವ ಸುನಾಮಿಯ ಕಾಲಕ್ಕೆ ವ್ಯರ್ಥವಾಗಲಿಲ್ಲ. 2005ರ ಆರಂಭದಲ್ಲಿ ನಾಗಪಟ್ಟಣಂ ಜಿಲ್ಲಾಧಿಕಾರಿಗಳ ಕಚೇರಿಯ ಆವರಣದಲ್ಲಿಯೇ ಸ್ವಯಂಸೇವಾ ಸಂಸ್ಥೆಗಳ ಸಮನ್ವಯ ಕೇಂದ್ರವೊಂದು ಬಾಗಿಲು ತೆರೆಯಿತು. ಆ ಕರಾವಳಿಯಲ್ಲಿ ಮೊದಲಿನಿಂದಲೂ ಮೀನುಗಾರರ ನಡುವೆ ಕೆಲಸ ಮಾಡುತ್ತ ಬಂದಿದ್ದ ಸಂಸ್ಥೆಗಳೇ ಅದಕ್ಕೆ ಹೆಗಲು ಕೊಟ್ಟುವು. ಹೊರಗಿನಿಂದ ಬಂದ ನೂರಾರು ಸಂಸ್ಥೆಗಳು ಅಲ್ಲಿ ಹೆಸರು ಬರೆಸಿ, ಯಾವ ಊರಿನಲ್ಲಿ ಏನು ಮಾಡಬೇಕೆಂದು ಕೇಳಿ ತಿಳಿದು ಮುಂದೆ ಹೋಗುವ ಏರ್ಪಾಡಾಯಿತು. ಒಂದು ಮೇಜು, ಒಂದು ನಕ್ಷೆ, ಒಂದು ದಫ್ತರ, ಊರು ಬಲ್ಲ ನಾಲ್ಕು ಜನ: ಇಷ್ಟು ಇದ್ದಲ್ಲಿ ಗೊಂದಲ ಅರ್ಧಕ್ಕೆ ಇಳಿಯುತ್ತದೆ.

ದೋಣಿ ಹೆಚ್ಚಾದಾಗ

ಆದರೆ ಮೇಜೊಂದರಿಂದ ಎಲ್ಲವೂ ನೇರವಾಗುವುದಿಲ್ಲ. ನಾಗಪಟ್ಟಣದ ಕತೆಯಲ್ಲಿಯೇ ಅದಕ್ಕೆ ನಿದರ್ಶನವಿದೆ.

ಮೀನುಗಾರನಿಗೆ ದೋಣಿ ಕೊಡುವುದಕ್ಕಿಂತ ಒಳ್ಳೆಯ ದಾನ ಯಾವುದಿದೆ? ಹೀಗೆಂದು ದಾನಿಗಳೆಲ್ಲ ಯೋಚಿಸಿದರು. ದೋಣಿ ಕಣ್ಣಿಗೆ ಕಾಣುವ ವಸ್ತು. ಅದರ ಮೇಲೆ ಕೊಟ್ಟವರ ಹೆಸರನ್ನು ಬರೆಸಬಹುದು. ಹಸ್ತಾಂತರದ ದಿನ ಚಿತ್ರ ತೆಗೆಸಬಹುದು. ಹೀಗಾಗಿ ನಾರುಗಾಜಿನ ದೋಣಿಗಳು ಒಂದರ ಮೇಲೊಂದು ಬಂದುವು. ಕೆಲವು ಕಾಲದ ಮೇಲೆ ಎಣಿಸಿ ನೋಡಿದರೆ, ಅನೇಕ ಊರುಗಳಲ್ಲಿ ಸುನಾಮಿಗೆ ಮುಂಚೆ ಇದ್ದುದಕ್ಕಿಂತ ಹೆಚ್ಚು ದೋಣಿಗಳು ದಡದಲ್ಲಿದ್ದುವು. ಕಡಲಿನಲ್ಲಿ ಮೀನು ಹೆಚ್ಚಿರಲಿಲ್ಲ. ಹುಟ್ಟು ಹಾಕುವ ಕೈಗಳೂ ಹೆಚ್ಚಿರಲಿಲ್ಲ. ಮೊದಲು ಒಡೆಯನ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದವರೂ ದೋಣಿಯೊಡೆಯರಾದರು. ದೋಣಿ ನಡೆಸಲು ಆಳು ಸಿಗದಾಯಿತು.

ಮೀನು ಹೊತ್ತು ಮಾರುವ ಹೆಂಗಸಿನ ನಷ್ಟಕ್ಕೆ ದೋಣಿಯಷ್ಟು ದೊಡ್ಡ ರೂಪವಿಲ್ಲ. ಅವಳ ಬಂಡವಾಳ ಒಂದು ಬುಟ್ಟಿ, ಒಂದಿಷ್ಟು ಚಿಲ್ಲರೆ ಹಣ, ವರ್ತನೆಯ ಮನೆಗಳ ನಂಬಿಕೆ. ಅದರ ಚಿತ್ರ ಪತ್ರಿಕೆಯಲ್ಲಿ ಚೆನ್ನಾಗಿ ಬರುವುದಿಲ್ಲ. ದಾನಕ್ಕೆ ಕೊಡುವವನ ಕಣ್ಣು ದಾರಿ ತೋರಿಸಬಾರದು, ಪಡೆಯುವವನ ಬಾಯಿ ತೋರಿಸಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದುಡಿಯಲು ಬಂದ ಕೈಗಳು

ಸಾಮಾನಿನ ಮಾತು ಇಷ್ಟಾಯಿತು. ಇನ್ನು ಜನರ ಮಾತು. ಅದಕ್ಕೆ 2018ರ ಕೇರಳವನ್ನು ನೋಡಬೇಕು.

ಆ ಆಗಸ್ಟ್ ತಿಂಗಳಲ್ಲಿ ಕೇರಳದಲ್ಲಿ ಸುರಿದ ಮಳೆ ನಾನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. 14 ಲಕ್ಷದಷ್ಟು ಜನ ಪರಿಹಾರ ಶಿಬಿರಗಳ ಪಾಲಾದರು. ಆಗ ಸರ್ಕಾರ ಕರೆಯುವುದಕ್ಕೆ ಮುಂಚೆಯೇ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯ ಮೇಲೆ ಏರಿಸಿಕೊಂಡು ಒಳನಾಡಿಗೆ ಹೊರಟರು. ಕೇರಳದ ಲೆಕ್ಕದಂತೆ 4,537 ಮೀನುಗಾರರು 669 ದೋಣಿಗಳಲ್ಲಿ ಕನಿಷ್ಠ 65,000 ಜನರನ್ನು ನೀರಿನಿಂದ ಎತ್ತಿ ತಂದರು. ದೋಣಿಗೆ ಹತ್ತಲಾರದ ಹೆಂಗಸರಿಗಾಗಿ ನೀರಿನಲ್ಲಿ ಬಾಗಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದ ಮೀನುಗಾರನೊಬ್ಬನ ಚಿತ್ರವನ್ನು ದೇಶವೆಲ್ಲ ನೋಡಿತು. ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಕೊಡುವುದಾಗಿ ಸರ್ಕಾರ ಹೇಳಿದಾಗ, ಸಹೋದರರನ್ನು ಉಳಿಸಿದ್ದಕ್ಕೆ ಕೂಲಿ ಬೇಡವೆಂದವರು ಆ ಜನರಲ್ಲಿ ಅನೇಕರಿದ್ದರು.

ನೀರಿಗಿಳಿದು ಪ್ರಾಣ ಉಳಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಈಜು ಬಾರದ ಉತ್ಸಾಹಿಯೊಬ್ಬ ನೀರಿಗಿಳಿದರೆ ಉಳಿಸಬೇಕಾದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ. ಸಾವಿರಾರು ಜನರಿಗೆ ಬೇಕಾದ ಕೆಲಸ ಬೇರೆ ಇದೆ: ಚೀಲ ಇಳಿಸುವುದು, ಅಕ್ಕಿಯನ್ನು ಐದೈದು ಕಿಲೋ ಮಾಡಿ ಕಟ್ಟುವುದು, ಔಷಧಗಳ ಅವಧಿ ಮುಗಿದಿದೆಯೇ ಎಂದು ಒಂದೊಂದನ್ನಾಗಿ ನೋಡುವುದು, ಪಟ್ಟಿ ಬರೆಯುವುದು, ಶಿಬಿರದ ಕಕ್ಕಸು ತೊಳೆಯುವುದು, ನೀರಿಳಿದ ಮೇಲೆ ಮನೆಗಳ ಕೆಸರು ತೆಗೆಯುವುದು. ಈ ಕೆಲಸಗಳಲ್ಲಿ ಹೆಸರಿಲ್ಲ, ಬೆನ್ನುನೋವು ಉಂಟು. ಕೇರಳದ ಕಾಲೇಜು ವಿದ್ಯಾರ್ಥಿಗಳೂ ಗೃಹಿಣಿಯರೂ ಸಂಗ್ರಹ ಕೇಂದ್ರಗಳಲ್ಲಿ ಹಗಲಿರುಳು ಪಾಳಿಯ ಮೇಲೆ ನಿಂತು ಇದನ್ನು ಮಾಡಿದರು.

ಅಂಥ ಸಾಲಿನಲ್ಲಿ ನಿಂತು ತಲೆಯ ಮೇಲೆ ಮೂಟೆ ಹೊರುತ್ತಿದ್ದ ಒಬ್ಬ ತರುಣನ ಸಂಗತಿ ಮುಂದೆ ಮನೆಮಾತಾಯಿತು. ಎಂಟು ದಿನ ಅವನು ಬೇರೆಬೇರೆ ಕೇಂದ್ರಗಳಲ್ಲಿ ಹೇಳಿದ ಕೆಲಸ ಮಾಡಿದ್ದ. ಕೊನೆಗೆ ಕೊಚ್ಚಿಯ ಹತ್ತಿರದ ಕೇಂದ್ರವೊಂದಕ್ಕೆ ಬಂದ ಎರ್ನಾಕುಳಂ ಜಿಲ್ಲಾಧಿಕಾರಿಗಳು ಅವನ ಗುರುತು ಹಿಡಿದರು. ಆತ ದಾದ್ರಾ ಮತ್ತು ನಗರ ಹವೇಲಿಯ ಜಿಲ್ಲಾಧಿಕಾರಿ ಕಣ್ಣನ್ ಗೋಪಿನಾಥನ್! ತಮ್ಮ ಆಡಳಿತದ ಪರವಾಗಿ ಒಂದು ಕೋಟಿ ರೂಪಾಯಿಯ ಚೆಕ್ಕನ್ನು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ತಲುಪಿಸಿದವರು ಅವರೇ. ಹುದ್ದೆಯನ್ನು ಹೇಳಿಕೊಂಡಿದ್ದರೆ ಕುರ್ಚಿ ಸಿಗುತ್ತಿತ್ತು. ಹೇಳದಿದ್ದುದರಿಂದ ಮೂಟೆ ಸಿಕ್ಕಿತು. ಕೇಂದ್ರಕ್ಕೆ ಆ ಹೊತ್ತು ಬೇಕಾಗಿದ್ದುದು ಮೂಟೆ ಹೊರುವವರೇ.

ಸ್ವಯಂಸೇವಕರನ್ನು ನಡೆಸುವುದಕ್ಕೂ ಒಂದು ಶಾಸ್ತ್ರವಿದೆ. ಬಂದವರ ಹೆಸರು, ವಿಳಾಸ, ಬಲ್ಲ ಕಸುಬು, ಇರಬಲ್ಲ ದಿನ, ಇವನ್ನು ಮೊದಲು ಬರೆದುಕೊಳ್ಳಬೇಕು. ದಾದಿಯೊಬ್ಬಳು ಬಂದು ಈರುಳ್ಳಿ ಆರಿಸುತ್ತ ಕುಳಿತರೆ, ಲೆಕ್ಕ ಬಲ್ಲವನು ಗಂಟು ಕಟ್ಟುತ್ತ ನಿಂತರೆ, ಇಬ್ಬರ ವಿದ್ಯೆಯೂ ಹಾಳು. ಪ್ರತಿ ಗುಂಪಿಗೆ ಒಬ್ಬ ಮುಖಂಡ, ಪ್ರತಿ ಪಾಳಿಗೆ ಒಂದು ವಿರಾಮ, ಹೊತ್ತಿಗೆ ಸರಿಯಾಗಿ ಊಟ, ಕೆಸರಿಗೆ ಇಳಿಯುವವರಿಗೆ ಮೊಣಕಾಲುದ್ದದ ಬೂಟು ಮತ್ತು ಕೈಗವಸು ಇರಬೇಕು. 2018ರ ನೆರೆ ಇಳಿದ ಬಳಿಕ ಕೇರಳದಲ್ಲಿ ಇಲಿಜ್ವರ ಹಬ್ಬಿತು. ಕೊಳೆನೀರಿನಲ್ಲಿ ಕೆಲಸ ಮಾಡುವವರೆಲ್ಲರೂ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಬೇಕೆಂದು ಆರೋಗ್ಯ ಇಲಾಖೆ ಹೇಳಿತು. ಸೇವೆಗೆ ಬಂದವನೇ ರೋಗಿಯಾಗಿ ಮಲಗಿದರೆ ಅವನ ಆರೈಕೆಗೆ ಇಬ್ಬರು ಬೇಕಾಗುತ್ತಾರೆ.

ಶಿಸ್ತಿಗೂ ಒಂದು ಹದ ಬೇಕು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಮೊದಲ ದಿನಗಳಲ್ಲಿ ಸ್ವಯಂಸೇವಕರು ಒಲೆ ಹೂಡಿ ಬಂದವರಿಗೆಲ್ಲ ಅನ್ನ ಬಡಿಸಿದರು. ಬಳಿಕ ಆಡಳಿತವು ಅಡುಗೆಯನ್ನೆಲ್ಲ ಒಂದು ಕಡೆಗೆ ತಂದು, ಅಂಥ ಒಲೆಯನ್ನು ನಿಲ್ಲಿಸಲು ಹೇಳಿದಾಗ ಬಡಿಸಿದವರ ಮನಸ್ಸು ನೊಂದಿತು. ಊಟ ಕೆಡದಂತೆ, ಪೋಲಾಗದಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ ನಿಜ. ಆದರೆ ಮೊದಲ ತುತ್ತು ಕೊಟ್ಟವನಿಗೆ ಕೆಲಸ ಬಿಡಿಸುವ ಮುನ್ನ ಅವನನ್ನು ಹತ್ತಿರ ಕರೆದು ಬೇರೊಂದು ಕೆಲಸ ಒಪ್ಪಿಸುವುದೂ ಅದೇ ಹೊಣೆಗೆ ಸೇರಿದ್ದು. ಕೃತಜ್ಞತೆಯ ಒಂದು ಮಾತಿಗೆ ಖಜಾನೆಯಿಂದ ಹಣ ತೆಗೆಯಬೇಕಾಗಿಲ್ಲ.

ಮೂರಾಣೆಯ ಲೆಕ್ಕ

ಜನ, ಸಾಮಾನು ಎರಡಕ್ಕಿಂತಲೂ ನಾಜೂಕಾದದ್ದು ಹಣ. ಹಣದ ಲೆಕ್ಕದ ಮಾತು ಬಂದಾಗ ತೊಂಬತ್ತು ವರ್ಷ ಹಿಂದಿನ ಬಿಹಾರಕ್ಕೆ ಹೋಗಬೇಕು.

1934ರ ಜನವರಿ 15ರ ಮಧ್ಯಾಹ್ನ ಉತ್ತರ ಬಿಹಾರವನ್ನು ಘೋರವಾದ ಭೂಕಂಪ ಅಲುಗಿಸಿತು. ಆಗ ಸೆರೆಯಲ್ಲಿದ್ದು ಕಾಯಿಲೆಯಿಂದ ನರಳುತ್ತಿದ್ದ ಬಾಬು ರಾಜೇಂದ್ರ ಪ್ರಸಾದರು ಎರಡು ದಿನಗಳ ಬಳಿಕ ಬಿಡುಗಡೆಯಾಗಿ ಬಂದು ಬಿಹಾರ ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಿದರು. ದೇಶದ ಮೂಲೆಮೂಲೆಯಿಂದ ಹಣ ಬಂದಿತು. ಅದರ ಲೆಕ್ಕವನ್ನು ನೋಡಿಕೊಂಡವರು ಜೆ. ಸಿ. ಕುಮಾರಪ್ಪನವರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯ ವಿದ್ಯೆ ಕಲಿತು, ಆಮೇಲೆ ಗಾಂಧೀಜಿಯವರ ಶಿಷ್ಯರಾದ ಗಟ್ಟಿಗ.

ಸ್ವಯಂಸೇವಕನೊಬ್ಬನ ದಿನದ ಊಟಕ್ಕೆ ಮೂರಾಣೆ; ಅದಕ್ಕಿಂತ ಕಾಸು ಹೆಚ್ಚಿಲ್ಲ. ಇದು ಕುಮಾರಪ್ಪನವರು ಮಾಡಿದ ಕಟ್ಟಳೆ. ಒಮ್ಮೆ ಸಮಿತಿಯ ಕೆಲಸಕ್ಕಾಗಿ ಗಾಂಧೀಜಿ ತಮ್ಮ ಪರಿವಾರದೊಡನೆ ಪಾಟ್ನಾಕ್ಕೆ ಬಂದರು. ಕುಮಾರಪ್ಪನವರು ಮಹಾದೇವ ದೇಸಾಯಿಯವರನ್ನು ಕಂಡು, ಈ ಪರಿವಾರದ ವೆಚ್ಚವನ್ನು ಪರಿಹಾರ ನಿಧಿಯಿಂದ ಕೊಡಲಾಗುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದರು. ವಿಷಯ ಗಾಂಧೀಜಿಯವರ ಕಿವಿಗೂ ಬಿದ್ದಿತು. ಅವರು ಶಿಷ್ಯನ ಮಾತನ್ನು ಒಪ್ಪಿಕೊಂಡರು. ಮಹಾತ್ಮನಿಗೂ ಸಡಿಲಿಸದ ಕಟ್ಟಳೆಯನ್ನು ಉಳಿದವರು ಸಡಿಲಿಸೆಂದು ಕೇಳುವುದು ಹೇಗೆ?

ಇದು ಬರಿಯ ಜಿಪುಣತನದ ಕತೆಯಲ್ಲ. ಪರಿಹಾರ ನಿಧಿಗೆ ಎಂಟಾಣೆ ಕೊಟ್ಟ ಬಡ ಗುಮಾಸ್ತನ ನಂಬಿಕೆ ಆ ದಫ್ತರದಲ್ಲಿ ಅಡವಾಗಿರುತ್ತದೆ. ಅದು ಒಮ್ಮೆ ಮುರಿದರೆ ಮುಂದಿನ ವಿಪತ್ತಿಗೆ ಅವನ ಕೈ ಜೇಬಿಗೆ ಹೋಗುವುದಿಲ್ಲ. ಸುನಾಮಿಯ ಮರುವರ್ಷ, 2005ರ ಡಿಸೆಂಬರಿನಲ್ಲಿ, ಭಾರತವು ವಿಪತ್ತು ನಿರ್ವಹಣಾ ಕಾಯಿದೆಯನ್ನು ತಂದಿತು. ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೊಂದು ಇರಬೇಕೆಂದು ಅದು ವಿಧಿಸಿತು. ಪರಿಹಾರದ ಹಣವನ್ನಾಗಲಿ ಸಾಮಾನನ್ನಾಗಲಿ ನುಂಗಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವನ್ನೂ ಅದೇ ಕಾಯಿದೆಯ 53ನೆಯ ವಿಧಿ ಹೇಳುತ್ತದೆ.

ಕೊಡಗಿನ ಮಳೆ ಕಲಿಸಿದ್ದು

ಕೇರಳ ಮುಳುಗಿದ ಅದೇ 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳೂ ಜಾರಿದುವು. ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಊರುಗಳ ಹೆಸರು ಮನೆಮನೆಯಲ್ಲಿ ಕೇಳಿಬಂದಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕಡಿದು ಹೋಯಿತು. ಬೆಂಗಳೂರು, ಮೈಸೂರು, ಮಂಗಳೂರುಗಳ ಸಂಘಸಂಸ್ಥೆಗಳು, ಕಾಲೇಜುಗಳು, ಬಡಾವಣೆಯ ಮಹಿಳಾ ಸಮಾಜಗಳು ಸಾಮಾನು ಕೂಡಿಸಿ ಕಳುಹಿಸಿದುವು. ಕನ್ನಡಿಗರ ಔದಾರ್ಯಕ್ಕೆ ಕುಂದಿರಲಿಲ್ಲ.

ಆದರೆ ಕೊಡಗಿನ ನಷ್ಟ ಬೇರೆ ಬಗೆಯದು. ನೆರೆ ಇಳಿದರೆ ಮನೆ ತೊಳೆದು ಒಳಗೆ ಹೋಗಬಹುದು. ಗುಡ್ಡ ಜಾರಿದಲ್ಲಿ ಮನೆಯೊಂದಿಗೆ ಮನೆಯಿದ್ದ ನೆಲವೂ ಇಲ್ಲ. ಗದ್ದೆ, ಕಾಫಿ ತೋಟ, ಹಟ್ಟಿ ಎಲ್ಲವೂ ಮಣ್ಣಿನಡಿ. ಬಂದ ಅತಿಥಿಗೆ ಕಾಫಿ ಕೊಡದೆ ಕಳುಹಿಸದ ಮನೆಯವರು ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ಅವರಿಗೆ ಒಂದು ವಾರದ ಅಕ್ಕಿಗಿಂತ ಹೆಚ್ಚಾಗಿ ಬೇಕಾಗಿದ್ದುದು ನಿಲ್ಲಲು ನೆಲ, ಕಳೆದ ದಾಖಲೆಗಳು, ಮಕ್ಕಳ ಓದು, ಮುಂದಿನ ಬೆಳೆಯವರೆಗಿನ ಜೀವನ. ಕರ್ಣಂಗೇರಿ, ಮದೆ, ಜಂಬೂರುಗಳಲ್ಲಿ ಹೊಸ ಮನೆಗಳು ಎದ್ದುವು. ಅನೇಕ ಕುಟುಂಬಗಳು ಬೀಗದ ಕೈ ಹಿಡಿಯಲು 2020ರವರೆಗೂ ಕಾಯಬೇಕಾಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ದಾನ ಮೊದಲ ವಾರದಲ್ಲಿ ಬರುತ್ತದೆ. ಕಷ್ಟ ಎರಡು ವರ್ಷ ಇರುತ್ತದೆ. ಪತ್ರಿಕೆಯ ಮುಖಪುಟದಿಂದ ಸುದ್ದಿ ಸರಿದ ದಿನವೇ ಲಾರಿಯೂ ನಿಲ್ಲುತ್ತದೆ. ಮೊದಲ ದಿನದ ಉತ್ಸಾಹದಲ್ಲಿ ಒಂದು ಪಾಲನ್ನು ಆರು ತಿಂಗಳ ಬಳಿಕಕ್ಕೆ ಎತ್ತಿಡುವ ಬುದ್ಧಿ ಸಂಘಸಂಸ್ಥೆಗಳಿಗೆ ಇದ್ದರೆ, ಶಾಲೆಯ ಶುಲ್ಕವೋ ಹಾಲು ಕರೆಯುವ ಹಸುವೋ ಆಗ ಸಿಗುತ್ತದೆ.

ಮನೆಯಿಂದ ಹೊರಡುವ ಗಂಟು

ಹಾಗಾದರೆ ಒಂದು ಸಂಸಾರ ಏನು ಮಾಡಬೇಕು? ಬೀರು ಖಾಲಿ ಮಾಡುವ ನೆಪಕ್ಕೂ ವಿಪತ್ತಿಗೂ ಸಂಬಂಧವಿರಬಾರದು ಎಂಬುದು ಮೊದಲ ಸೂತ್ರ. ನಾಗಪಟ್ಟಣದ ಪಾಠವಾಗಿ ಇಪ್ಪತ್ತು ವರ್ಷ ಕಳೆದರೂ, 2024ರಲ್ಲಿ ವಯನಾಡಿಗೆ ಬಂದ ಹಳೆಯ ಬಟ್ಟೆ ಟನ್ನುಗಟ್ಟಲೆ ಕಸವಾಗಿ ಹೋಯಿತು. ಮನೆಗೆ ಬಂದ ನೆಂಟರಿಗೆ ಕೊಡಲು ಸಂಕೋಚವಾಗುವ ಸೀರೆಯನ್ನು ನೆಂಟರಲ್ಲದವರಿಗೂ ಕೊಡಬಾರದು.

ಎರಡನೆಯದು, ಕೇಳಿ ಕಳುಹಿಸುವುದು. ಜಿಲ್ಲಾಡಳಿತವು ಬೇಕಾದ ವಸ್ತುಗಳನ್ನು ತಿಳಿಸುತ್ತಿರುತ್ತದೆ. ಆ ಪಟ್ಟಿ ದಿನದಿನಕ್ಕೆ ಬದಲಾಗುತ್ತದೆ; ನಿನ್ನೆ ನೀರು ಬೇಕಾಗಿದ್ದಲ್ಲಿ ಇಂದು ಬೇಕಾಗಿರುವುದು ಪೊರಕೆ ಮತ್ತು ಬ್ಲೀಚಿಂಗ್ ಪುಡಿ. ಕೇಳಲು ಆಗದಿದ್ದರೆ ಹಣ ಕೊಡುವುದು ಲೇಸು. ಹಣಕ್ಕೆ ಲಾರಿ ಬೇಡ, ಗೋದಾಮು ಬೇಡ; ಅದು ಕೊಳೆಯುವುದಿಲ್ಲ; ವಿಪತ್ತಿನ ಊರಿನ ಸುತ್ತಲಿನ ಅಂಗಡಿಯಲ್ಲಿಯೇ ಸಾಮಾನು ಕೊಂಡರೆ ಅಲ್ಲಿನ ವ್ಯಾಪಾರಿಯೂ ಚೇತರಿಸಿಕೊಳ್ಳುತ್ತಾನೆ. ರಸೀದಿ ಕೇಳಿ ಪಡೆಯುವುದು ಅನುಮಾನವಲ್ಲ, ನಾಗರಿಕ ಧರ್ಮ.

ಮೂರನೆಯದು, ಸಾಮಾನನ್ನೇ ಕಳುಹಿಸುವುದಾದರೆ ಕಟ್ಟುವ ರೀತಿ. ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆಯ ವಸ್ತು. ಹೊರಗೆ ದಪ್ಪ ಅಕ್ಷರದಲ್ಲಿ, ಪಡೆಯುವ ಊರಿನ ಭಾಷೆಯಲ್ಲಿ, ಒಳಗೆ ಏನಿದೆ, ಎಷ್ಟಿದೆ ಎಂಬ ಚೀಟಿ. ಒಬ್ಬ ಹೆಂಗಸು ಎತ್ತಬಹುದಾದಷ್ಟೇ ತೂಕ. ಬೇಯಿಸಿದ ಊಟ, ಬ್ರೆಡ್ಡು, ಅವಧಿ ಹತ್ತಿರವಾದ ಔಷಧ ದೂರದ ಪ್ರಯಾಣಕ್ಕೆ ಸಲ್ಲವು. ಕೇಳಲು ನಾಚಿಕೆಪಡುವ ವಸ್ತುಗಳನ್ನು ಕೇಳದೆಯೇ ನೆನೆಯಬೇಕು: ಹೊಸ ಒಳ ಉಡುಪು, ಹೆಂಗಸರ ಪ್ಯಾಡುಗಳು, ಎಳೆಯ ಕೂಸಿನ ಬಟ್ಟೆ, ವೃದ್ಧರ ಊರುಗೋಲು.

ಇನ್ನು ತರುಣರು. ವಿಪತ್ತು ಬಂದ ದಿನ ಹೊರಡುವುದಕ್ಕಿಂತ, ಬಾರದ ದಿನಗಳಲ್ಲಿ ಕಲಿತಿರುವುದು ಮೇಲು. ‘ಆಪದ ಮಿತ್ರ’ ಎಂಬ ಯೋಜನೆಯನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ನೆರೆಯ ಭಯವಿರುವ 30 ಜಿಲ್ಲೆಗಳಲ್ಲಿ ಆರಂಭಿಸಿತು. ಜಿಲ್ಲೆಗೆ 200ರಂತೆ 6,000 ಜನರಿಗೆ ತರಬೇತಿ ಕೊಡುವುದು ಅದರ ಗುರಿಯಾಗಿತ್ತು. ಬಳಿಕ ಅದನ್ನು 350 ಜಿಲ್ಲೆಗಳಿಗೂ ಒಂದು ಲಕ್ಷ ಸ್ವಯಂಸೇವಕರಿಗೂ ವಿಸ್ತರಿಸಲು ನಿಶ್ಚಯಿಸಲಾಯಿತು. ಪ್ರಥಮ ಚಿಕಿತ್ಸೆ, ಈಜು, ಹಗ್ಗದ ಗಂಟು, ಶಿಬಿರದ ವ್ಯವಸ್ಥೆ, ಇವು ಒಂದು ಸಂಜೆಯಲ್ಲಿ ಬರುವ ವಿದ್ಯೆಗಳಲ್ಲ.

ಅಲೆ ತಿರುಗಿದಾಗ

ದಾನಿಯೆಂದರೆ ಯಾವಾಗಲೂ ದಾನಿ, ಬೇಡುವವನೆಂದರೆ ಯಾವಾಗಲೂ ಬೇಡುವವನು ಎಂಬ ಭಾವನೆಯೇ ಈ ಅವ್ಯವಸ್ಥೆಗೆಲ್ಲ ಬೇರು. ಅದನ್ನು ಸುಳ್ಳು ಮಾಡಿದವರು ಕೇರಳದ ಮೀನುಗಾರರು. 2004ರ ಸುನಾಮಿಯ ಪೆಟ್ಟು ಕೇರಳದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಿದ್ದುದು ಕೊಲ್ಲಂ ಜಿಲ್ಲೆಯ ಆಲಪ್ಪಾಡಿನ ತೀರದ ಮೇಲೆ. ಆ ಕರಾವಳಿಯ ಜನ ಅಂದು ಶಿಬಿರಗಳಲ್ಲಿ ಕುಳಿತು ಊರವರು ಕೊಟ್ಟ ಅನ್ನವನ್ನು ಉಂಡರು. ಹದಿನಾಲ್ಕು ವರ್ಷ ಕಳೆಯಿತು. 2018ರಲ್ಲಿ ಒಳನಾಡಿನ ತೋಟ ತುಡಿಕೆಗಳ ಉಳ್ಳವರ ಮಾಳಿಗೆ ಮನೆಗಳು ಮುಳುಗಿ, ಜನ ಚಾವಣಿಯ ಮೇಲೆ ನಿಂತು ಕೈ ಬೀಸಿದಾಗ, ದೋಣಿ ಹೊತ್ತ ಲಾರಿಗಳು ಹೊರಟದ್ದು ಅದೇ ಕೊಲ್ಲಂ ತೀರದಿಂದ.

ದೋಣಿಯಲ್ಲಿ ಕುಳಿತವರು ಯಾರ ಮನೆಯವರೆಂದು ಆ ಮೀನುಗಾರರು ಕೇಳಲಿಲ್ಲ. ಎಷ್ಟು ಜನರಿದ್ದೀರಿ, ಕಾಯಿಲೆಯವರು ಯಾರಿದ್ದಾರೆ, ನಡೆಯಲಾರದವರು ಎಲ್ಲಿದ್ದಾರೆ? ಅವರು ಕೇಳಬೇಕಾದ ಪ್ರಶ್ನೆಗಳು ಇವಿಷ್ಟೇ. ನೆರವು ನೀಡಲು ಹೊರಟವರೆಲ್ಲರೂ ಲಾರಿ ತುಂಬುವ ಮೊದಲು ಕೇಳಬೇಕಾದುದೂ ಇಷ್ಟೇ.